ಎಡಚ ಹಾಕಿದ ಬತ್ತಿ

"ಯಾರ ಕೈ ಇದು?"

"ಯಾವ ಕೈ?"

"ನಾಟಕ ಆಡ್ಬೇಡ. ಹಿಂದಿನ ಟೈರಿಗೆ ಬತ್ತಿ ತುರುಕಿದಾನಲ್ಲ, ಆ ಕೈ."

"ಪಂಚರ್ ಆಯ್ತು, ಹಾಕಿಸ್ಕೊಂಡೆ. ಪಂಚರ್ ಅಂಗಡಿಯವನ ಹೆಂಡ್ತಿ ಬರ್ತಿದಾಳೆ ಅಂತ ಮೊಳೆ ದಾರಿ ಬಿಟ್ಕೊಡುತ್ತಾ?"

"ಕೇಳಿದ್ದಕ್ಕೆ ಉತ್ತರ ಕೊಡು. ಯಾರು?"

"ನಿಮಗೆ ಗೊತ್ತಾಗಿದೆ. ಗೊತ್ತಾಗಿರೋದಕ್ಕೇ ಹಿಂಗೆ ಕೂಗಾಡ್ತಿರೋದು."

ಗೊತ್ತಾಗಿತ್ತು. ಅಂಗಡಿಯಿಂದ ಊಟಕ್ಕೆ ಬಂದವನು ಅಂಗಳದಲ್ಲಿ ಆಗಷ್ಟೇ ಬಂದು ನಿಂತ ಅವಳ ಬೈಕನ್ನು ದಾಟಿ ಒಳಗೆ ಹೋಗಿದ್ದರೆ ಏನೂ ಇರುತ್ತಿರಲಿಲ್ಲ. ಆದರೆ ನಿಂತ ಚಕ್ರ ಕಂಡರೆ ಅವನ ಕಣ್ಣು ತಾನಾಗಿ ಕೆಳಗೆ ಇಳಿಯುತ್ತದೆ, ಚಮ್ಮಾರನ ಕಣ್ಣು ಚಪ್ಪಲಿಗೆ ಇಳಿದ ಹಾಗೆ. ಹಿಂದಿನ ಟೈರಿನ ಬಲ ಅಂಚಿನಲ್ಲಿ, ಗ್ರಿಪ್ ಮುಗಿದು ಪಕ್ಕೆ ಶುರುವಾಗುವ ಕಡೆ, ಬತ್ತಿಯ ತುದಿ ಇಣುಕುತ್ತಿತ್ತು. ಟ್ಯೂಬ್ ಇಲ್ಲದ ಟೈರಿಗೆ ಈಗ ಎಲ್ಲರೂ ಮಾಡುವುದು ಇದನ್ನೇ. ಮೊಳೆ ಕೀಳು, ತೂತನ್ನು ಅರದಿಂದ ಉಜ್ಜು, ಅಂಟು ಬಳಿದ ರಬ್ಬರ್ ಬತ್ತಿಯನ್ನು ದಪ್ಪ ಸೂಜಿಗೆ ಪೋಣಿಸಿ ಒಳಗೆ ತಳ್ಳು, ಸೂಜಿಯನ್ನು ಸರಕ್ಕನೆ ಎಳೆ. ಚಕ್ರ ಬಿಚ್ಚುವ ಗೋಜೇ ಇಲ್ಲ. ಎಳೆಯುವ ಮೊದಲು ಎಲ್ಲರೂ ಕೈಯನ್ನು ಒಂದು ಸುತ್ತು ತಿರುಗಿಸುತ್ತಾರೆ, ಬತ್ತಿ ಒಳಗೆ ಗಂಟು ಬೀಳಲಿ ಅಂತ. ಲೋಕದ ಕೈಗಳೆಲ್ಲ ಬಲಕ್ಕೆ ತಿರುಗಿಸುತ್ತವೆ. ಈ ಬತ್ತಿ ಎಡಕ್ಕೆ ತಿರುಗಿತ್ತು. ತುದಿಯನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದಿತ್ತು, ಪೆನ್ಸಿಲ್ ಕೆತ್ತಿದ ಹಾಗೆ. ಇಂಥ ಶೋಕಿ ಇರುವವನು ಒಬ್ಬನೇ. ಎಡಚ. ಮೊನ್ನೆ ಮೊನ್ನೆಯವರೆಗೂ ಇವನದೇ ಅಂಗಡಿಯ ತಗಡಿನ ಕೆಳಗೆ, ಇವನ ಎದುರಿಗೇ ಕೂತು ಕೆಲಸ ಮಾಡಿದವನು. ಈಗ ಸ್ಕೂಟರಿಗೆ ಚೀಲ ನೇತುಹಾಕಿಕೊಂಡು, ಫೋನ್ ಮಾಡಿದವರು ನಿಂತಲ್ಲಿಗೇ ಹೋಗಿ ಪಂಚರ್ ಹಾಕುವವನು. ಗಂಡಸರಿಗೆ ಸಾರ್, ಹೆಂಗಸರಿಗೆ ಮೇಡಂ, ಇವನಿಗೆ ಮಾತ್ರ ಅಣ್ಣ ಅನ್ನುವವನು.

"ನನಗೆ ಫೋನ್ ಮಾಡಕ್ಕೆ ಏನು ರೋಗ ಬಂದಿತ್ತು?"

"ಮಾಡ್ದೆ. ಎತ್ತಲಿಲ್ಲ. ಮತ್ತೆ ಮಾಡ್ದೆ. ಆಗ್ಲೂ ಎತ್ತಲಿಲ್ಲ. ಲ್ಯಾಬಿಗೆ ಕೊಡೋ ಜನರ ರಕ್ತ ಐಸ್ ಡಬ್ಬೀಲಿ ಇಟ್ಕೊಂಡು ಬಿಸಿಲಲ್ಲಿ ನಿಂತಿದ್ದೆ. ಅದು ಕೆಟ್ಟಿದ್ರೆ ನಿಮ್ಮ ರಕ್ತ ಹಂಚ್ತಿದ್ರಾ?"

ಫೋನ್ ಬಡಿದುಕೊಂಡಾಗ ಅವನು ಅದನ್ನು ನೋಡಿದ್ದ. ಕೈಯಲ್ಲಿ ಕೆಲಸವೂ ಇರಲಿಲ್ಲ, ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಅವಳ ಹೆಸರು ಹೊಳೆಯುತ್ತಿತ್ತು, ಫೋನನ್ನು ಮಗುಚಿ ಇಟ್ಟಿದ್ದ. ಬೆಳಿಗ್ಗೆ ಹೊರಡುವಾಗ ಅವಳು, "ನಿಮಗೇನು, ಕೂತಲ್ಲಿಗೇ ಚಕ್ರ ಉರುಳ್ಕೊಂಡು ಬರ್ತವೆ. ನಾನು ಮನೆಮನೆ ತಿರುಗಿ ರಕ್ತ ಹೀರ್ಬೇಕು" ಎಂದು ನಕ್ಕಿದ್ದಳು. ತಮಾಷೆಗೆ ಅಂದ ಮಾತು. ಅವನಿಗೆ ಮಾತ್ರ ಅದು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈಚೆಗೆ ಚಕ್ರಗಳು ಉರುಳಿ ಬರುವುದು ಕಡಿಮೆಯಾಗಿತ್ತು, ಅವು ನಿಂತಲ್ಲಿಗೇ ಎಡಚ ಹೋಗುತ್ತಿದ್ದ. ಕೂತಲ್ಲಿ ಎಂಬ ಮಾತನ್ನು ಅವಳು ಬೇಕಂತಲೇ ಆರಿಸಿದಳೋ ಎಂದು ಅರ್ಧ ದಿನ ಅದನ್ನೇ ಅಗಿದಿದ್ದ. ಒಂದು ಸಲ ಬಡಿದುಕೊಳ್ಳಲಿ, ಎರಡು ಸಲ ಬಡಿದುಕೊಳ್ಳಲಿ, ಕೂತವನ ಬೆಲೆ ಗೊತ್ತಾಗಲಿ ಎಂದುಕೊಂಡಿದ್ದ. ಮೂರನೆಯ ಸಲ ಅದು ಬಡಿದುಕೊಳ್ಳಲಿಲ್ಲ. ಆ ಮೂರನೆಯ ಸಲ ಎಲ್ಲಿ ಹೋಯಿತು ಅನ್ನುವುದು ಈಗ ಟೈರಿನ ಅಂಚಿನಲ್ಲಿ ಇಣುಕುತ್ತಿತ್ತು.

"ಅವನ ನಂಬರ್ ನಿನ್ನ ಹತ್ರ ಯಾಕಿದೆ?"

"ನಿಮ್ಮ ಅಂಗಡೀಲಿ ಇದ್ದವನಲ್ವಾ? ಆವಾಗಿಂದ ಇದೆ."

"ಅಳಿಸಿಲ್ಲ."

"ಅಳಿಸಿಲ್ಲ. ಗ್ಯಾಸಿನವನದೂ ಅಳಿಸಿಲ್ಲ, ಅವನ ಮೇಲೂ ಅನುಮಾನ ಪಡಿ."

ಹೊಸ್ತಿಲಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಕ್ಕ ಕಿಸಕ್ಕನೆ ನಕ್ಕಳು. ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದವಳು. ಈ ಮನೆಯ ಜಗಳಗಳಲ್ಲಿ ಅವಳು ಯಾವತ್ತೂ ತಮ್ಮನ ಪಕ್ಷ ಹಿಡಿದಿರಲಿಲ್ಲ. "ಲೋ, ಗಾಳಿಗೆ ಗುದ್ದಿ ಮೈ ನೋಯಿಸ್ಕೋಬೇಡ. ಊಟ ಆರ್ತಿದೆ ಬಾ."

"ಗಾಳಿ ಅಲ್ಲ ಅಕ್ಕ, ಜೀವದ ಪ್ರಶ್ನೆ. ಇಲ್ಲಿ ನೋಡು, ಅಂಚಲ್ಲಿ ಹಾಕಿದಾನೆ. ತಿರುವಲ್ಲಿ ಗಾಡಿ ವಾಲುತ್ತಲ್ಲ, ಪೂರ್ತಿ ಭಾರ ಬೀಳೋದು ಇದೇ ಜಾಗಕ್ಕೆ. ಬಿಸಿಯಾಗಿ, ಅಂಟು ಬಿಟ್ಟು, ಬತ್ತಿ ಹಾರಿದ್ರೆ ಗಾಳಿ ಒಂದೇ ಉಸಿರಿಗೆ ಹೋಗುತ್ತೆ. ಕಾರಿಗಾದ್ರೆ ಇನ್ನೂ ಮೂರು ಚಕ್ರ ಇರ್ತವೆ. ಇದಕ್ಕೆ ಏನಿದೆ? ಬಿದ್ದವರ ಬೆನ್ನಿದೆ." ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಂಗಡಿಯಲ್ಲಿ ದಿನಾ ಹೇಳುವ ಮಾತೇ. ಆದರೆ ಗಿರಾಕಿಗಳ ಮುಂದೆ ಹೇಳುವಾಗ ಅವನ ದನಿ ಹೀಗೆ ಸೀಳುತ್ತಿರಲಿಲ್ಲ, ಅದು ಅವನಿಗೇ ಕೇಳಿಸಿತು.

"ಅವನೂ ಅದನ್ನೇ ಹೇಳ್ದ," ಅಂದಳು ಅವಳು, ಹೆಲ್ಮೆಟ್ ಕಳಚುತ್ತಾ. ಹಣೆಗೆ ಕೂದಲು ಅಂಟಿತ್ತು. "ಮೇಡಂ, ಅಂಚಲ್ಲಿ ತೂತಾಗಿದೆ, ಜೋರಾಗಿ ಹೋಗ್ಬೇಡಿ. ಬತ್ತಿ ಇರೋದು ಮನೆ ತಲುಪೋಕೆ, ಸಂಸಾರ ಮಾಡೋಕಲ್ಲ. ನಾಳೆ ಅಣ್ಣನ ಹತ್ರ ಚಕ್ರ ಬಿಚ್ಚಿಸಿ ತೋರಿಸಿ. ಒಳಗಿಂದ ಪ್ಯಾಚ್ ಹಾಕಬೇಕೋ ಟೈರೇ ಬದಲಾಯಿಸಬೇಕೋ ಅವರು ಹೇಳ್ತಾರೆ ಅಂದ. ಅದಕ್ಕೇ ನಿಮಗೆ ಹೇಳೋಣ ಅಂತ ಬಂದೆ. ಬಾಗ್ಲಲ್ಲೇ ಹಿಡ್ಕೊಂಡ್ರಿ."

ಬತ್ತಿ ಇರೋದು ಮನೆ ತಲುಪೋಕೆ, ಸಂಸಾರ ಮಾಡೋಕಲ್ಲ. ಅದು ಇವನ ಮಾತು. ತಗಡಿನ ಕೆಳಗೆ ಇವನೇ ಹುಟ್ಟಿಸಿದ ಮಾತು, ಗಿರಾಕಿಗಳು ಹಲ್ಲು ಕಿರಿದು ತಲೆಯಾಡಿಸುತ್ತಿದ್ದ ಮಾತು. ಅದನ್ನು ಎಡಚ ಎತ್ತಿಕೊಂಡು ಹೋಗಿ, ಯಾವುದೋ ರಸ್ತೆಯ ಬದಿಯಲ್ಲಿ, ಮೊಣಕಾಲೂರಿ ಕೂತು, ಇವನ ಹೆಂಡತಿಗೇ ಹೇಳಿದ್ದಾನೆ. ಅವಳು ನಕ್ಕಿರಬೇಕು. ತನ್ನ ಬಾಯಲ್ಲಿ ಹಳಸಿದ್ದು ಅವನ ಬಾಯಲ್ಲಿ ಬಿಸಿಯಾಗಿ ಕೇಳಿಸಿರಬೇಕು. ಆವತ್ತೊಂದು ದಿನ ಅವಳು ಬುತ್ತಿ ಕೊಡಲು ಅಂಗಡಿಗೆ ಬಂದಿದ್ದಾಗ, ಕಂಪ್ರೆಸರಿನ ಹಿಂದೆ ಬಗ್ಗಿದ್ದ ಇವನಿಗೆ ಇಬ್ಬರೂ ನಗುವುದು ಕೇಳಿಸಿತ್ತು, ಎದ್ದು ಬಂದ ಕೂಡಲೇ ನಗು ನಿಂತಿತ್ತು. ನಗು ಅಷ್ಟೇ. ಆ ನಗುವಿನ ಮೇಲೆ ಅವನು ಅಡಿಪಾಯ ಹಾಕಿ, ಗೋಡೆ ಕಟ್ಟಿ, ಅದರೊಳಗೆ ವಾಸ ಮಾಡುತ್ತಿದ್ದ. ಎಡಚನಿಗೆ ಏನೋ ಒಂದು ನೆಪ ತೆಗೆದು ಬಾಗಿಲು ತೋರಿಸಿದ್ದೂ ಅದಾದ ಮೇಲೆಯೇ.

"ಆವತ್ತು ಯಾಕೆ ನಕ್ರಿ ಇಬ್ಬರೂ?" ಕೇಳಬಾರದು ಎಂದು ಇಷ್ಟು ಕಾಲ ಹಲ್ಲು ಕಚ್ಚಿದ್ದ ಮಾತು ಜಾರಿಬಿಟ್ಟಿತು.

"ಯಾವತ್ತು?"

"ಕಂಪ್ರೆಸರ್ ಹಿಂದೆ ನಾನಿದ್ದಾಗ."

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. ನೆನಪಾದಾಗ ಅವಳ ಮುಖದಲ್ಲಿ ಮತ್ತೆ ಅದೇ ನಗು ಬಂದು ಹೋಯಿತು, ಅವನು ಅದನ್ನು ಕಂಡ. "ನಿಮ್ಮ ಬೆನ್ನಿಗೆ ಹೊಸ ಟೈರಿನ ಚೀಟಿ ಅಂಟಿತ್ತು ರೀ. ರಿಯಾಯಿತಿ ಮಾರಾಟ ಅಂತ. ಬೆಳಿಗ್ಗೆಯಿಂದ ಹಂಗೇ ಓಡಾಡ್ತಿದ್ರಂತೆ. ಹೇಳಿದ್ರೆ ಬೈತೀರ ಅಂತ ಅವನು ಹೆದರ್ಕೊಂಡಿದ್ದ. ನಾನೇ ಮೆಲ್ಲಗೆ ಕಿತ್ತೆ. ಅಷ್ಟಕ್ಕೆ..." ಅಲ್ಲಿಗೆ ನಿಲ್ಲಿಸಿ ಅವನನ್ನೇ ದಿಟ್ಟಿಸಿದಳು. "ಅಷ್ಟಕ್ಕೆ ಅವನನ್ನ ಕೆಲಸದಿಂದ ತೆಗೆದ್ರಾ?"

ಅಕ್ಕನ ನಗು ಈ ಸಲ ತಡೆಯಲಿಲ್ಲ. ಬೆಳ್ಳುಳ್ಳಿ ಸಿಪ್ಪೆ ಮಡಿಲಿಂದ ಹಾರಿತು. ಅವನಿಗೆ ಈ ಉತ್ತರಕ್ಕಿಂತ ಬೇರೆ ಏನಾದರೂ ಆಗಿದ್ದರೇ ವಾಸಿ ಅನ್ನಿಸಿತು. ಕಳ್ಳತನವಾದರೆ ಹಿಡಿಯಬಹುದು, ಹೊಡೆಯಬಹುದು. ಬೆನ್ನಿಗೆ ಚೀಟಿ ಅಂಟಿಸಿಕೊಂಡು ಓಡಾಡಿದವನು ಯಾರನ್ನು ಹೊಡೆಯುವುದು?

"ನಾಳೆ ಪ್ಯಾಚ್ ಹಾಕ್ಕೊಡಿ," ಅಂದಳು ಅವಳು ಮೆತ್ತಗೆ. ರಾಜಿಯ ದನಿ. ಅಲ್ಲಿ ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಹಾಕಿದವನ ಹತ್ರನೇ ಹೋಗು."

ಊಟವಾದ ಮೇಲೆ ಅವಳು ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಜನ ಹೊಟ್ಟೆಗೆ ಏನೂ ಹಾಕಿಕೊಳ್ಳುವ ಮೊದಲೇ ರಕ್ತ ತೆಗೆಯಬೇಕಾದ್ದರಿಂದ ಅವಳ ದಿನ ಕೋಳಿಗಿಂತ ಮುಂಚೆ ಶುರು, ಮಧ್ಯಾಹ್ನ ಸತ್ತವರ ಹಾಗೆ ನಿದ್ದೆ. ಅವನು ಅಂಗಡಿಗೆ ಹೊರಟವನು ಅಂಗಳ ದಾಟಲಿಲ್ಲ. ಬಿಸಿಲಲ್ಲಿ ಬೈಕ್ ನಿಂತಿತ್ತು. ಅದು ಅವನದೇ ಹಳೆಯ ಗಾಡಿ. ಮದುವೆಯ ಹೊಸದರಲ್ಲಿ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ ಅವಳಿಗೆ ಕಲಿಸಿದ್ದ. ಹಿಂದೆ ಕೂತು, ಅವಳ ಎರಡೂ ಪಕ್ಕದಿಂದ ಕೈ ಚಾಚಿ ಹ್ಯಾಂಡಲ್ ಹಿಡಿದು, ಆಮೇಲೆ ಅವಳಿಗೆ ಹೇಳದೆ ಕೈ ಬಿಟ್ಟಿದ್ದ. ಹಿಡ್ಕೊಂಡಿದೀರಲ್ಲ, ಹಿಡ್ಕೊಂಡಿದೀರಲ್ಲ ಎಂದು ಅವಳು ಕಿರುಚುತ್ತಾ ಮೈದಾನವನ್ನು ಒಂದು ಸುತ್ತು ಬಂದಿದ್ದಳು. ಹೊರಡೋ ಮುಂಚೆ ಎರಡೂ ಟೈರ್ ಮುಟ್ಟಿ ನೋಡಬೇಕು, ಬೆರಳು ಸುಳ್ಳು ಹೇಳಲ್ಲ ಅಂತಲೂ ಆವತ್ತೇ ಕಲಿಸಿದ್ದು. ಅವಳು ಆ ಬೆರಳನ್ನೇ ಹೊಟ್ಟೆಪಾಡು ಮಾಡಿಕೊಂಡಳು. ಎಂಥ ಮುದುಕರ ಒಣಗಿದ ತೋಳಿನಲ್ಲೂ ಹೆಬ್ಬೆರಳಿಟ್ಟು ರಕ್ತನಾಳ ಹುಡುಕುತ್ತಾಳೆ. ಹುಡುಕುವಾಗ ತೋಳನ್ನು ನೋಡುವುದಿಲ್ಲ, ಗೋಡೆ ನೋಡುತ್ತಾಳೆ.

ಅವನು ಚಕ್ರದ ಹಿಂದೆ ಕುಕ್ಕರಗಾಲಲ್ಲಿ ಕೂತ. ನೋಡುವುದು ಅಷ್ಟೇ ಅಂದುಕೊಂಡ. ಎಡಚ ಅರ ಸರಿಯಾಗಿ ಉಜ್ಜಿದ್ದಾನೋ ಇಲ್ಲವೋ, ಅಂಟು ಸಾಕಷ್ಟು ಬಳಿದಿದ್ದಾನೋ ಇಲ್ಲವೋ. ಒಂದು ತಪ್ಪು ಸಿಕ್ಕಿದರೆ ಸಾಕಿತ್ತು. ಇಕ್ಕಳದಿಂದ ಬತ್ತಿಯ ತುದಿ ಹಿಡಿದು ಎಳೆದ. ಬರಲಿಲ್ಲ. ಚಕ್ರಕ್ಕೆ ಕಾಲು ಒತ್ತಿ ಎಳೆದ. ಬತ್ತಿ ಎಳೆಎಳೆಯಾಗಿ ಹಿಗ್ಗಿ, ಬಿಡಲಾರೆ ಬಿಡಲಾರೆ ಎಂದು ಜಿಗುಟಾಗಿ, ಕೊನೆಗೆ ಕಿತ್ತು ಬಂತು, ಗಾಳಿ ಅವನ ಮುಖಕ್ಕೆ ರಾಚಿತು. ಅದರ ಮೈತುಂಬ ಅಂಟು ಒಂದೇ ಸಮ ಹಬ್ಬಿತ್ತು. ತಪ್ಪು ಇರಲಿಲ್ಲ. ತಾನು ಹಾಕಿದ್ದರೂ ಇದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ, ಇಷ್ಟೇ ಆಗುತ್ತಿತ್ತೋ ಇಲ್ಲವೋ. ಈ ಯೋಚನೆ ಬಂದದ್ದೇ ಅವನ ಕೈಗೆ ಸಿಟ್ಟು ಏರಿತು. ಕಿತ್ತ ಮೇಲೆ ಹಾಗೇ ಬಿಡುವ ಹಾಗಿಲ್ಲ. ಮನೆಯಲ್ಲಿದ್ದ ಹಳೆಯ ಸಾಮಾನಿನ ಡಬ್ಬಿ ತಂದು ಅರವನ್ನು ತೂತಿಗೆ ಚುಚ್ಚಿ ತಿರುವಿದ, ಎಳೆದ, ಮತ್ತೆ ತಿರುವಿದ, ಒಳಗಿರುವ ಯಾವುದನ್ನೋ ಕೆರೆದು ತೆಗೆಯುವವನ ಹಾಗೆ. ಒಳಗೆ ಏನೋ ಕಟ್ಟೆಂದಿತು. ಟೈರಿನ ಹೊಟ್ಟೆಯಲ್ಲಿ ಹೆಣೆದಿರುವ ದಾರ ಕಡಿದದ್ದು. ಇನ್ನೊಂದು ಕಟ್ಟೆಂದಿತು. ಬೇರೆ ಯಾರಾದರೂ ಇಷ್ಟು ಒರಟಾಗಿ ಮಾಡುವುದನ್ನು ಕಂಡಿದ್ದರೆ ಅವನು ಅರವನ್ನು ಕಿತ್ತು ರಸ್ತೆಗೆ ಎಸೆಯುತ್ತಿದ್ದ.

ತೂತು ದೊಡ್ಡದಾಗಿತ್ತು. ಒಂದು ಬತ್ತಿ ನಿಲ್ಲಲಿಲ್ಲ. ಎರಡನ್ನು ಜೊತೆಗೂಡಿಸಿ ತುರುಕಿದ; ಎರಡು ಬತ್ತಿ ಕೇಳುವ ಟೈರು ತಿಪ್ಪೆ ಕೇಳುತ್ತೆ ಎಂದು ಅವನೇ ಗಿರಾಕಿಗಳನ್ನು ಬೈದು ಕಳಿಸಿದ್ದುಂಟು. ಸೂಜಿಯನ್ನು ಎಳೆಯುವ ಮೊದಲು ಅವನ ಕೈ ನಿಂತಿತು. ಬಲಕ್ಕೆ ತಿರುಗಿಸಿದರೆ ತಾನು ಮುಟ್ಟಿದ್ದು ಗೊತ್ತಾಗುತ್ತದೆ. ಹಾಕಿದವನ ಹತ್ರನೇ ಹೋಗು ಎಂದವನು ಕಳ್ಳನ ಹಾಗೆ ಕೂತು ಹಾಕಿದ ಎಂದಾಗುತ್ತದೆ. ಅಕ್ಕ ನಗುತ್ತಾಳೆ. ಅವನು ಮಣಿಕಟ್ಟನ್ನು ಎಡಕ್ಕೆ ತಿರುಗಿಸಿದ. ಕೈ ಒಪ್ಪಲಿಲ್ಲ, ಆದರೂ ತಿರುವಿದ. ಆಮೇಲೆ ಬ್ಲೇಡು ತೆಗೆದು ತುದಿಯನ್ನು ಓರೆಯಾಗಿ, ಪೆನ್ಸಿಲ್ ಕೆತ್ತಿದ ಹಾಗೆ ಕೊಯ್ದ, ಎರಡೂ ಒಂದೇ ಅನ್ನುವ ಹಾಗೆ ಅಮುಕಿ ಮಣ್ಣು ಸವರಿದ. ಪಂಪಿನಿಂದ ಗಾಳಿ ತುಂಬಿದ. ಉಗುಳು ಹಚ್ಚಿ ನೋಡಿದ. ತುಂಬ ಹೊತ್ತು ಏನೂ ಇರಲಿಲ್ಲ. ಆಮೇಲೆ ಸಾಸಿವೆ ಗಾತ್ರದ ಒಂದು ಗುಳ್ಳೆ ಎದ್ದು, ಯೋಚಿಸಿ, ಒಡೆಯಿತು.

ಆ ಸಂಜೆ ಅಂಗಡಿಯಲ್ಲಿ ಆ ಗುಳ್ಳೆ ಅವನ ಕಣ್ಣ ಮುಂದೆ ಏಳುತ್ತಲೇ ಇತ್ತು. ಗೋಡೆಗೆ ಹೊಸ ಟೈರುಗಳು ಒರಗಿದ್ದವು, ಅವಳ ಗಾಡಿಯ ಅಳತೆಯದೂ ಇತ್ತು. ಹೆಗಲಿಗೆ ಹಾಕಿಕೊಂಡು ಹೋದರೆ ಮುಗಿಯಿತು. ಆದರೆ ಯಾಕೆ ತಂದ್ರಿ ಅಂದರೆ? ಎಡಚನ ಬತ್ತಿ ಸರಿಯಿಲ್ಲ ಅಂದರೆ ಅದು ಸುಳ್ಳು. ನನ್ನದು ಸರಿಯಿಲ್ಲ ಅಂದರೆ ಅದು ನಿಜ. ನಾಳೆ ಅರ್ಧ ದಾರಿಯಲ್ಲಿ ಗಾಳಿ ಇಳಿದು, ಅವಳು ಗಾಡಿ ತಳ್ಳಿಕೊಂಡು ಬೆವರುತ್ತಾ ನೇರ ಅಂಗಡಿಗೇ ಬಂದು, ನೀವು ಹೇಳಿದ್ದೇ ಸರಿ ರೀ, ಅವನನ್ನ ನಂಬಿದ್ದು ತಪ್ಪಾಯ್ತು ಅನ್ನುವುದು ಅವನಿಗೆ ಕಂಡಿತು. ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಅವಳಿಗೆ ಕುಡಿಯಲು ನೀರು ಕೊಡಬೇಕು ಎಂದೂ ಅನ್ನಿಸಿತು. ಆ ಚಿತ್ರದಲ್ಲಿ ಅವಳು ತಳ್ಳಿಕೊಂಡೇ ಬರುತ್ತಿದ್ದಳು. ಬೀಳುತ್ತಿರಲಿಲ್ಲ. ಅವಳ ದಾರಿಯ ಸೇತುವೆ ಇಳಿದು ಬರುವ ತಿರುವಿನಲ್ಲಿ, ಹಿಂದೆ ಲಾರಿ ಇರುವಾಗ, ಅಂಚು ನೆಲಕ್ಕೆ ತಾಗುವ ಗಳಿಗೆಯನ್ನು ಅವನು ಯೋಚಿಸಲಿಲ್ಲ, ಅದು ಬಂದಾಗಲೆಲ್ಲ ಎದ್ದು ಏನಾದರೂ ಕೆಲಸ ಹುಡುಕಿದ. ಬರಿಗೈಯಲ್ಲಿ ಮನೆಗೆ ಬಂದ.

ಬೆಳಿಗ್ಗೆ ಅವಳು ಐಸ್ ಡಬ್ಬಿಯನ್ನು ಗಾಡಿಗೆ ಕಟ್ಟುವಾಗ ಅವನು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹೊರಗೆ ಬಂದ. ಇಡೀ ರಾತ್ರಿ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ನೊರೆ ದಾಟಲಿಲ್ಲ. ಉಗುಳಿದ.

"ಇವತ್ತು ಬಸ್ಸಲ್ಲಿ ಹೋಗು."

"ಇಷ್ಟೊತ್ತಿಗೆ ಯಾವ ಬಸ್ಸು? ಅಲ್ಲಿ ಜನ ಖಾಲಿ ಹೊಟ್ಟೇಲಿ ತೋಳು ಮಡಚ್ಕೊಂಡು ಕಾಯ್ತಿರ್ತಾರೆ."

"ಆಟೋದಲ್ಲಿ ಹೋಗು ಹಂಗಾದ್ರೆ."

"ಯಾಕೆ?"

ಈಗ ಹೇಳಬೇಕಿತ್ತು. ನಾನು ಕಿತ್ತೆ, ಕೆಡಿಸಿದೆ. ಎರಡೇ ಮಾತು. "ಆ ಎಡಚನ ಕೆಲಸ ನಂಬಕ್ಕಾಗಲ್ಲ," ಅಂದ. "ದಾರೀಲಿ ಕಿತ್ಕೊಂಡು ಹೋದ್ರೆ ನನ್ನ ಮೇಲೆ ಬರಬೇಡ."

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಸಿಟ್ಟಿರಲಿಲ್ಲ, ನಿದ್ದೆ ಸಾಲದ ಮುಖ. ನಿನ್ನೆಯ ಜಗಳವನ್ನು ಅವಳು ಅಲ್ಲೇ ಬಿಟ್ಟು ಮಲಗಿದ್ದಳು ಅನ್ನುವುದು ಅವನಿಗೆ ಆಗ ತಿಳಿಯಿತು. "ಆಯ್ತು ಬಿಡಿ, ನೀವು ಕಲಿಸಿದ ಹಂಗೇ ಮುಟ್ಟಿ ನೋಡಿ ಹೋಗ್ತೀನಿ," ಎಂದು ಚಕ್ರದ ಪಕ್ಕ ಕೂತಳು. ಬತ್ತಿಯ ತುದಿಯ ಮೇಲೆ ಹೆಬ್ಬೆರಳು ಇಟ್ಟಳು. ಅಮುಕಿದಳು. ಅವಳ ಕಣ್ಣು ಟೈರು ಬಿಟ್ಟು ಎದುರಿನ ಗೋಡೆಗೆ ಹೋಯಿತು. ಆ ನೋಟ ಅವನಿಗೆ ಗೊತ್ತಿತ್ತು. ಬೆರಳು ಮೆಲ್ಲಗೆ ಆಚೆ ಈಚೆ ಸರಿಯಿತು.

"ಇದು ಅದಲ್ಲ."

"ಏನು ಅದಲ್ಲ?"

"ಒಂದು ಬತ್ತಿ ಹಾಕಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ. ಇಲ್ಲಿ ಎರಡಿದೆ." ಅವಳು ಉಗುರಿನಿಂದ ಮಣ್ಣು ಕೆರೆದಳು. ಓರೆಯಾಗಿ ಕೊಯ್ದ ಎರಡು ತುದಿಗಳು ಬೇರೆಬೇರೆಯಾಗಿ ಎದ್ದು ನಿಂತವು. "ಕಿತ್ರಾ? ನಾನು ಮಲಗಿದ್ದಾಗ?"

"ನೋಡೋಣ ಅಂತ ಕಿತ್ತೆ."

"ಏನು ಕಾಣಿಸ್ತು?"

ಅವನು ಬ್ರಷ್ಷನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಅವಳು ಇನ್ನೂ ಬಗ್ಗಿಯೇ ಇದ್ದಳು. "ಎಡಕ್ಕೆ ತಿರುಗ್ಸಿದೀರ," ಅಂದಳು, ತನಗೆ ತಾನೇ ಓದಿಕೊಳ್ಳುವವಳ ಹಾಗೆ. "ಅವನ ಥರ ಕೊಯ್ದಿದೀರ." ಎದ್ದು ನಿಂತಳು. "ಹಾರಿ ಹೋದ್ರೆ ಅವನ ಹೆಸರು ಬರಲಿ ಅಂತ."

"ಇಲ್ಲ ಕಣೇ! ಹಂಗಲ್ಲ. ನಿನಗೆ ಗೊತ್ತಾಗಬಾರದು ಅಂತ ಅಷ್ಟೇ... ಹೋಗ್ಬೇಡ ಅಂತ ಈಗ ನಾನೇ ಹೇಳ್ಲಿಲ್ವಾ? ಬಸ್ಸಲ್ಲಿ ಹೋಗು ಅಂದ್ನಲ್ಲ?"

"ಎಡಚನ ಕೆಲಸ ಅಂದೆ ನೀನು." ಮದುವೆಯಾದಾಗಿನಿಂದ ಅವನಿಗೆ ಬಹುವಚನ ಕೊಟ್ಟ ಬಾಯಿ ಅದು. "ನಾನು ಹೊರಟು ನಿಂತ ಮೇಲೂ ಎಡಚನ ಕೆಲಸ ಅಂದೆ. ನಾನು ಬೀಳಲ್ಲ ಅಂತ ಅಂದ್ಕೊಂಡಿದ್ದೆ ಅಲ್ವಾ ನೀನು? ನನ್ನ ಹಿಂದೆ ಹಿಡ್ಕೊಂಡಿದೀಯ ಅಂತ ಇಷ್ಟು ವರ್ಷ ಈ ಗಾಡಿ ಮೇಲೆ ಕೂತಿದ್ದೆ ನಾನು."

ಅವಳು ಹಗ್ಗ ಬಿಚ್ಚಿ ಐಸ್ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡಳು. ಬೀಗದ ಕೈಯನ್ನು ಸೀಟಿನ ಮೇಲೆ ಇಟ್ಟಳು, ಸದ್ದಾಗದ ಹಾಗೆ. ಹೆಲ್ಮೆಟ್ಟನ್ನು ಇಡಲು ಮರೆತು ಅದನ್ನು ಹಿಡಿದುಕೊಂಡೇ ಗೇಟು ದಾಟಿ ನಡೆದಳು. ಬೀದಿಯ ತುದಿಯವರೆಗೂ ಹೆಲ್ಮೆಟ್ ಅವಳ ಮೊಣಕಾಲಿಗೆ ತಗಲುತ್ತಿತ್ತು. ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು, ನಗುತ್ತಿರಲಿಲ್ಲ.

"ಹೋಗಿ ಕರ್ಕೊಂಡು ಬಾರೋ, ಬೆಪ್ಪೇ."

"ಬರ್ತಾಳೆ ಬಿಡು. ಗಾಡಿ ಇಲ್ಲೇ ಇದೆಯಲ್ಲ."

ಅವನು ಅಂಗಡಿಗೆ ಓಡಿ ಹೋಗಿ ಹೊಸ ಟೈರು ತಂದ. ಹಿಂದಿನ ಚಕ್ರ ಬಿಚ್ಚಿ, ಹಳೆಯ ಟೈರನ್ನು ಕಳಚಿ, ಒಳಗೆ ಕೈಯಾಡಿಸಿದ. ಕಡಿದ ದಾರಗಳು ಬೆರಳಿಗೆ ಚುಚ್ಚಿದವು. ಯಾವ ಪ್ಯಾಚಿಗೂ ನಿಲ್ಲದ ಟೈರು, ಅವನೇ ಹಾಗೆ ಮಾಡಿದ್ದು. ಹೊಸದನ್ನು ರಿಮ್ಮಿಗೆ ಕೂರಿಸಿ, ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ಸುತ್ತಲೂ ನೋಡಿದ. ಎಲ್ಲೂ ಗುಳ್ಳೆ ಏಳಲಿಲ್ಲ. ಗ್ರಿಪ್ಪಿಗೆ ಅಂಟಿದ್ದ ಚೀಟಿಯನ್ನು ಕಿತ್ತ, ಅದು ಬೆರಳಿಂದ ಬೆರಳಿಗೆ ಅಂಟುತ್ತಾ ಬಿಡಲೊಲ್ಲದಾಯಿತು. ಇಷ್ಟು ಒಳ್ಳೆಯ ಕೆಲಸವನ್ನು ಅವನು ಎಷ್ಟೋ ಕಾಲದಿಂದ ಮಾಡಿರಲಿಲ್ಲ. ಗಾಡಿಯನ್ನು ಗೇಟಿನ ಕಡೆಗೆ ಮುಖ ಮಾಡಿ ನಿಲ್ಲಿಸಿ, ಬೀಗದ ಕೈಯನ್ನು ಅವಳು ಇಟ್ಟ ಜಾಗದಲ್ಲೇ ಇಟ್ಟ.

ಮಧ್ಯಾಹ್ನ ಎರಡು ತಟ್ಟೆ ಹಾಕಿದ ಅಕ್ಕ ಮೂರನೆಯದನ್ನು ಗೋಡೆಗೆ ಒರಗಿಸಿ ಇಟ್ಟಳು. ಹೆಂಡತಿ ಲ್ಯಾಬಿಗೆ ಹೋಗಿದ್ದಳು, ಡಬ್ಬಿ ಒಪ್ಪಿಸಿದ್ದಳು, ಅಲ್ಲಿಂದ ತನ್ನ ತಂಗಿಯ ಮನೆಗೆ ಹೋದಳು ಎಂದು ಸಂಜೆ ಗೊತ್ತಾಯಿತು. ಫೋನ್ ಮಾಡಿದ. ಬಡಿದುಕೊಂಡಿತು. ಮತ್ತೆ ಮಾಡಿದ. ಅಲ್ಲಿ ಯಾರೋ ಅದನ್ನು ಮಗುಚಿ ಇಟ್ಟಿರಬೇಕು. ಮೂರನೆಯ ಸಲ ಮಾಡಲಿಲ್ಲ. ಆಮೇಲೆ ತಂಗಿಯ ಗಂಡ ಬಂದು ಅವಳ ಬಟ್ಟೆ ತೆಗೆದುಕೊಂಡು ಹೋದ, ಗಾಡಿಯ ಮಾತು ಎತ್ತಲಿಲ್ಲ.

ಈಗಲೂ ಅವನು ಅಂಗಡಿಗೆ ಹೊರಡುವ ಮೊದಲು ಚಕ್ರದ ಪಕ್ಕ ಕೂತು ಹೆಬ್ಬೆರಳಿನಿಂದ ಅಮುಕುತ್ತಾನೆ. ಗಾಳಿ ಒಂಚೂರೂ ಇಳಿದಿಲ್ಲ. ಹೊಸ ಟೈರಿನ ಮೈಮೇಲೆ ಕೂದಲಿನಂಥ ರಬ್ಬರಿನ ಎಳೆಗಳಿರುತ್ತವೆ. ರಸ್ತೆಗೆ ಇಳಿದರೆ ನೆಲ ಮುಟ್ಟುವ ಕಡೆ ಬೇಗ ಸವೆದು ಹೋಗುತ್ತವೆ. ಇದರ ಮೇಲೆ ಒಂದೂ ಉದುರಿಲ್ಲ, ಹಾಗೇ ನಿಂತಿವೆ.